ಕೃಷ್ಣೆಯ ಮೇಲೆ ಹಡಗೇಕಿಲ್ಲ?

ಪ್ರೌಢಶಾಲೆಯ ಭೂಗೋಳ ಪುಸ್ತಕದಲ್ಲಿ ಯೂರೋಪು ಖಂಡದ ಪಾಠವನ್ನು ಓದಿದ ವಿದ್ಯಾರ್ಥಿಗಳೆಲ್ಲರೂ ರೈನ್ ನದಿಯ ಹೆಸರನ್ನು ಬಲ್ಲರು. ಆಲ್ಪ್ಸ್ ಪರ್ವತಗಳಲ್ಲಿ ಹುಟ್ಟಿ ಉತ್ತರ ಸಮುದ್ರವನ್ನು ಸೇರುವ ಆ ನದಿಯ ಮೇಲೆ ಕಲ್ಲಿದ್ದಲು, ಅದಿರು, ಎಣ್ಣೆ, ಧಾನ್ಯ ಮೊದಲಾದ ಸರಕುಗಳನ್ನು ಹೊತ್ತ ನೌಕೆಗಳು ಹಗಲೂ ರಾತ್ರಿಯೂ ಸಂಚರಿಸುತ್ತವೆ. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದಲ್ಲಿರುವ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರವು ಈ ನದಿಯ ದೆಸೆಯಿಂದಲೇ ಒಂದು ಬಂದರಾಗಿದೆ. ಈ ಪಾಠವನ್ನು ಮುದ್ದೇಬಿಹಾಳದ ಶಾಲೆಯೊಂದರಲ್ಲಿ ಓದುವ ಬಾಲಕನಿಗೆ ಸಹಜವಾಗಿಯೇ ಒಂದು ಸಂಶಯ ಹುಟ್ಟಬಹುದು. ‘ನಮ್ಮ ಊರಿನ ದಕ್ಷಿಣಕ್ಕೆ ಕೃಷ್ಣೆ ಹರಿಯುತ್ತಾಳೆ. ಆಕೆಯೇನು ಚಿಕ್ಕ ನದಿಯಲ್ಲ. ಹೀಗಿದ್ದರೂ ಆಕೆಯ ಮೇಲೆ ಹರಿಗೋಲನ್ನು ಬಿಟ್ಟು ಬೇರೆ ನೌಕೆಯನ್ನು ನಮ್ಮ ಅಜ್ಜಂದಿರು ಕಾಣದೆ ಹೋದುದೇಕೆ?’

ಈ ಸಂಶಯವು ಕ್ಷುಲ್ಲಕವಾದುದಲ್ಲ. ಅಳತೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ರೈನ್ ನದಿಯ ಉದ್ದ ಸುಮಾರು 1,230 ಕಿಲೋಮೀಟರ್. ಕೃಷ್ಣೆಯ ಉದ್ದ ಸುಮಾರು 1,400 ಕಿಲೋಮೀಟರ್. ರೈನ್ ನದಿಗೆ ನೀರನ್ನು ಕೂಡಿಸಿಕೊಡುವ ಜಲಾನಯನ ಪ್ರದೇಶದ ವಿಸ್ತಾರ ಸುಮಾರು 1,85,000 ಚದರ ಕಿಲೋಮೀಟರ್. ಕೃಷ್ಣೆಯದು ಸುಮಾರು 2,59,000 ಚದರ ಕಿಲೋಮೀಟರ್. ಉದ್ದದಲ್ಲಿಯೂ ವಿಸ್ತಾರದಲ್ಲಿಯೂ ಕೃಷ್ಣೆಯೇ ಹಿರಿಯಳು. ಹಾಗಾದರೆ ಹಿರಿಯಳಾದ ಈಕೆಯು ಹೊರಲಾರದ ಭಾರವನ್ನು ಕಿರಿಯದಾದ ಆ ನದಿಯು ಹೊತ್ತದ್ದು ಹೇಗೆ? ದೋಷವು ನದಿಯದೋ, ನೆಲದ್ದೋ, ಮಳೆಯದೋ, ಅಥವಾ ನಮ್ಮ ಜನರದೋ? ಇದನ್ನು ನಾವು ಈ ಲೇಖನದಲ್ಲಿ ವಿಚಾರಿಸೋಣ.

ಮೂರು ನದಿಗಳ ನಾಡು

ಮೊದಲು ಭೂಪಟವನ್ನು ಮುಂದಿಟ್ಟುಕೊಳ್ಳೋಣ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಎಂಬ ನಾಲ್ಕು ಹಳೆಯ ತಾಲೂಕುಗಳು ಎರಡು ಮಹಾನದಿಗಳ ನಡುವಣ ಬಯಲಿನಲ್ಲಿವೆ. (ಇವುಗಳಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ನಿಡಗುಂದಿ, ಕೊಲ್ಹಾರ, ತಾಳಿಕೋಟಿ ಮುಂತಾದ ಹೊಸ ತಾಲೂಕುಗಳು ಈಚೆಗೆ ಒಡೆದಿವೆ, ನಮ್ಮ ಅನುಕೂಲಕ್ಕಾಗಿ ಹಳೆಯ ಎಲ್ಲೆಗಳನ್ನೇ ಇಲ್ಲಿ ಹಿಡಿಯುತ್ತೇವೆ.) ಉತ್ತರದಲ್ಲಿ ಭೀಮೆಯು ಇಂಡಿ, ಸಿಂದಗಿ ತಾಲೂಕುಗಳ ಅಂಚನ್ನು ಕೊರೆಯುತ್ತ ವಾಯವ್ಯದಿಂದ ಆಗ್ನೇಯಕ್ಕೆ ಬಳುಕಿ ಬಳುಕಿ ಸಾಗುತ್ತಾಳೆ. ಇಂಡಿಯ ಭಾಗದಲ್ಲಿ ಆಕೆಯ ಆಚೆಯ ದಡ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ. ದಕ್ಷಿಣದಲ್ಲಿ ಕೃಷ್ಣೆಯು ಬಸವನ ಬಾಗೇವಾಡಿ, ಮುದ್ದೇಬಿಹಾಳ ತಾಲೂಕುಗಳ ಮೇರೆಯಾಗಿ ಪೂರ್ವಕ್ಕೆ ಹರಿಯುತ್ತಾಳೆ. ಎರಡು ನದಿಗಳ ನಡುವಿನ ದೂರ ಇಲ್ಲಿ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಮುಂದೆ ರಾಯಚೂರಿನ ಉತ್ತರಕ್ಕೆ ಇವರಿಬ್ಬರೂ ಕೂಡುತ್ತಾರೆ.

ಇಬ್ಬರ ತವರೂ ಸಹ್ಯಾದ್ರಿಯೇ. ಕೃಷ್ಣೆಯು ಮಹಾಬಲೇಶ್ವರದ ಬಳಿ ಸುಮಾರು 1,337 ಮೀಟರ್ ಎತ್ತರದಲ್ಲಿ ಹುಟ್ಟುತ್ತಾಳೆ. ಭೀಮೆಯು ಭೀಮಾಶಂಕರದಲ್ಲಿ ಹುಟ್ಟಿ ಪಂಢರಪುರದಲ್ಲಿ ಚಂದ್ರಭಾಗೆಯೆಂದು ಪೂಜಿತಳಾಗಿ, 861 ಕಿಲೋಮೀಟರ್ ಹರಿದು ಕೃಷ್ಣೆಯನ್ನು ಸೇರುತ್ತಾಳೆ. ಮಹಾಬಲೇಶ್ವರದಲ್ಲಿ ವರ್ಷಕ್ಕೆ ಐದೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ, ಘಟ್ಟದ ಮಳೆಯ ನೆರಳಿನಲ್ಲಿರುವ ನಮ್ಮ ನಾಲ್ಕು ತಾಲೂಕುಗಳಲ್ಲಿ ಬೀಳುವುದು ಸುಮಾರು ಆರು ನೂರು ಮಿಲಿಮೀಟರ್ ಮಾತ್ರ. ಆದುದರಿಂದ ಈ ಸೀಮೆಯ ಜನರು ಕಾಣುವ ನೆರೆಯು ಬಹುಮಟ್ಟಿಗೆ ಬೇರೊಂದು ಸೀಮೆಯ ಮಳೆಯ ನೆರೆ. ಇಲ್ಲಿ ಆಕಾಶವು ನಿರ್ಮಲವಾಗಿರುವಾಗಲೇ ನದಿಯು ದಡ ಮೀರಿ ಬರುವುದುಂಟು.

ಎರಡು ಮಹಾನದಿಗಳ ನಡುವೆ ಮೂರನೆಯದೊಂದು ಚಿಕ್ಕ ನದಿಯಿದೆ. ಅದರ ಹೆಸರು ಡೋಣಿ. ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಹುಟ್ಟಿ, ವಿಜಯಪುರ, ಬಾಗೇವಾಡಿ, ಮುದ್ದೇಬಿಹಾಳ ತಾಲೂಕುಗಳ ಕರಿಯ ನೆಲವನ್ನು ಹಾಯ್ದು, ತಾಳಿಕೋಟಿಯನ್ನು ದಾಟಿ, ಯಾದಗಿರಿ ಜಿಲ್ಲೆಯಲ್ಲಿ ಇದು ಕೃಷ್ಣೆಯನ್ನು ಕೂಡುತ್ತದೆ. ಕಿವಿಗೆ ‘ದೋಣಿ’ ಎಂಬಂತೆಯೇ ಕೇಳುವ ಹೆಸರಿನ ಈ ನದಿಯು ದೋಣಿಯನ್ನು ಹೊರಲಾರದಷ್ಟು ಬಡವಾದುದು. ಬೇಸಗೆಯಲ್ಲಿ ಇದರ ನೀರು ಕುಗ್ಗಿ ಸವುಳಾಗುತ್ತದೆ. ಮಳೆಗಾಲದಲ್ಲಿ ಹೂಳು ತುಂಬಿದ ಪಾತ್ರದಿಂದ ಹೊರಬಿದ್ದು ಹೊಲಗಳ ಮೇಲೆ ಹರಡುತ್ತದೆ. ಆದರೆ ಇದರ ದಂಡೆಯ ಎರೆಮಣ್ಣಿನ ಫಲವತ್ತತೆ ಅಷ್ಟಿಷ್ಟಲ್ಲ. ಡೋಣಿಯ ದಂಡೆ ಬೆಳೆದರೆ ಓಣಿ ಓಣಿಯಲ್ಲಿಯೂ ಕಾಳು ತುಂಬುವುದೆಂಬ ಅರ್ಥದ ಗಾದೆಯೇ ಇಲ್ಲಿ ಬಳಕೆಯಲ್ಲಿದೆ. ನದಿಯ ಬೆಲೆಯನ್ನು ಅದು ಹೊರುವ ನೌಕೆಯಿಂದ ಎಣಿಸದೆ ಅದು ಬೆಳೆಯಿಸುವ ಜೋಳದಿಂದ ಎಣಿಸುವ ನಾಡು ಇದು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಈ ಮಾತು ನಮಗೆ ಬೇಕಾಗುವುದು.

ರೈನ್ ನದಿಯ ಭಾಗ್ಯ

ನೌಕಾಯಾನಕ್ಕೆ ಯೋಗ್ಯವಾದ ನದಿಗೆ ಮೂರು ಗುಣಗಳಿರಬೇಕು: ವರ್ಷವಿಡೀ ಸಾಕಷ್ಟು ನೀರು, ಮೆಲ್ಲನೆಯ ಇಳುಕಲು, ತಡೆಯಿಲ್ಲದ ಪಾತ್ರ. ಇವುಗಳಲ್ಲಿ ಮೊದಲನೆಯದನ್ನು ರೈನ್ ನದಿಗೆ ಪ್ರಕೃತಿಯೇ ಒದಗಿಸಿದೆ. ಬೇಸಗೆಯಲ್ಲಿ ಆಲ್ಪ್ಸ್ ಪರ್ವತಗಳ ಹಿಮವು ಕರಗಿ ನದಿಗೆ ಇಳಿಯುತ್ತದೆ. ಹಿಮ ಕರಗುವುದು ನಿಂತ ಚಳಿಗಾಲದಲ್ಲಿ ನೆಕ್ಕರ್, ಮೈನ್, ಮೊಸೆಲ್ ಎಂಬ ಉಪನದಿಗಳು ತಮ್ಮ ಸೀಮೆಯ ಮಳೆನೀರನ್ನು ತಂದುಕೊಡುತ್ತವೆ. ಒಂದು ಬೊಕ್ಕಸ ಬರಿದಾಗುವ ಹೊತ್ತಿಗೆ ಇನ್ನೊಂದು ಬೊಕ್ಕಸದ ಬಾಗಿಲು ತೆರೆಯುತ್ತದೆ. ಮೇಲಾಗಿ ಕಾನ್‌ಸ್ಟನ್ಸ್ ಸರೋವರವು ದಾರಿಯ ನಡುವೆ ಸಹಜವಾದ ಜಲಾಶಯದಂತೆ ನಿಂತು, ಹೆಚ್ಚಿದ ನೀರನ್ನು ತಡೆದು ಕಡಿಮೆಯಾದಾಗ ಬಿಡುತ್ತದೆ.

ಉಳಿದೆರಡು ಗುಣಗಳನ್ನು ಮನುಷ್ಯನು ದುಡಿದು ಸಂಪಾದಿಸಿದನು. ಯೋಹಾನ್ ಟುಲ್ಲಾ ಎಂಬ ಎಂಜಿನಿಯರನ ಯೋಜನೆಯಂತೆ 1817ರಲ್ಲಿ ಮೇಲಿನ ರೈನ್ ನದಿಯ ಸುತ್ತುಬಳಸುಗಳನ್ನು ಕಡಿದು ನೇರಗೊಳಿಸುವ ಕೆಲಸ ಆರಂಭವಾಯಿತು. ಅದು ಮುಗಿದದ್ದು 1876ರಲ್ಲಿ. ಬಿಂಗೆನ್ ಬಳಿ ಹಡಗುಗಳನ್ನು ಒಡೆಯುತ್ತಿದ್ದ ಬಂಡೆಗಳನ್ನು ಸಿಡಿಸಿ ದಾರಿ ಮಾಡಲಾಯಿತು. ನದಿಯು ಹಲವು ದೇಶಗಳನ್ನು ಹಾಯುವುದರಿಂದ ದಡದಡಕ್ಕೂ ಸುಂಕ ತೆರುವ ಪೀಡೆಯಿತ್ತು. 1815ರ ವಿಯೆನ್ನಾ ಸಮ್ಮೇಳನವು ರೈನ್ ನೌಕಾಯಾನಕ್ಕಾಗಿ ಒಂದು ಆಯೋಗವನ್ನು ಸ್ಥಾಪಿಸಿತು. 1868ರ ಮಾನ್‌ಹೈಮ್ ಒಪ್ಪಂದವು ನದಿಯ ಮೇಲಣ ಸಂಚಾರವನ್ನು ಮುಕ್ತಗೊಳಿಸಿತು. ಇಳುಕಲು ಹೆಚ್ಚಾಗಿರುವ ಮೇಲ್ಭಾಗದಲ್ಲಿ ಕೆಂಬ್ಸ್‌ನಿಂದ ಇಫೆಟ್ಸ್‌ಹೈಮ್‌ವರೆಗೆ ಹತ್ತು ಕಟ್ಟೆಗಳನ್ನು ಕಟ್ಟಿದಾಗ, ಒಂದೊಂದರ ಪಕ್ಕದಲ್ಲಿಯೂ ‘ಲಾಕ್’ ಎಂಬ ನೀರಿನ ಮೆಟ್ಟಿಲನ್ನು ಕಟ್ಟಲು ಮರೆಯಲಿಲ್ಲ. ಲಾಕ್ ಎಂದರೆ ಎರಡು ತುದಿಗಳಲ್ಲಿಯೂ ಬಾಗಿಲುಳ್ಳ ಉದ್ದನೆಯ ತೊಟ್ಟಿ. ಹಡಗು ಕೆಳಗಿನಿಂದ ಒಳಹೊಕ್ಕ ಮೇಲೆ ಆ ಬಾಗಿಲನ್ನು ಮುಚ್ಚಿ ಮೇಲಿನ ನೀರನ್ನು ಒಳಕ್ಕೆ ಬಿಟ್ಟರೆ, ತೊಟ್ಟಿಯ ನೀರಿನೊಡನೆ ಹಡಗೂ ಮೇಲೇಳುತ್ತದೆ. ಎರಡೂ ಮಟ್ಟಗಳು ಸಮವಾದಾಗ ಮೇಲಿನ ಬಾಗಿಲು ತೆರೆದು ಅದು ಮುಂದೆ ಸಾಗುತ್ತದೆ. ಇಫೆಟ್ಸ್‌ಹೈಮ್‌ನಿಂದ ಕೆಳಗೆ ಸಮುದ್ರದವರೆಗೆ ಅಡ್ಡಗಟ್ಟೆಯೇ ಇಲ್ಲ.

ಇಷ್ಟಾದರೂ ರೈನ್ ನದಿಯು ನಿಶ್ಚಿಂತವಾದುದಲ್ಲ. 2018ರ ದೀರ್ಘವಾದ ಬೇಸಗೆಯ ಬಳಿಕ ಅಕ್ಟೋಬರ್ ತಿಂಗಳಲ್ಲಿ ಕೌಬ್ ಎಂಬಲ್ಲಿಯ ಅಳತೆಗಂಬದಲ್ಲಿ ನೀರು 25 ಸೆಂಟಿಮೀಟರ್ ಗುರುತಿಗೆ ಇಳಿಯಿತು. (ಈ ಗುರುತೇ ನದಿಯ ಆಳವಲ್ಲ, ಹಡಗಿನ ದಾರಿಯು ಅದಕ್ಕಿಂತ ಸುಮಾರು ಒಂದು ಮೀಟರ್ ಹೆಚ್ಚು ಆಳವಾಗಿರುತ್ತದೆ.) ಅಲ್ಲಿ ಸಾಮಾನ್ಯವಾಗಿ ಬಳಸುವ ದೊಡ್ಡ ನೌಕೆಯೊಂದು 110 ಮೀಟರ್ ಉದ್ದ, 11.4 ಮೀಟರ್ ಅಗಲ ಇರುತ್ತದೆ. ಇಂತಹ ನೌಕೆಯು ಹತ್ತು ಸೆಂಟಿಮೀಟರ್ ಕಡಿಮೆ ಮುಳುಗಬೇಕಾದರೆ ನೂರು ಟನ್ನಿಗೂ ಹೆಚ್ಚು ಸರಕನ್ನು ಇಳಿಸಬೇಕಾಗುತ್ತದೆ ಎಂಬುದನ್ನು ಉದ್ದ, ಅಗಲಗಳ ಗುಣಾಕಾರದಿಂದಲೇ ವಿದ್ಯಾರ್ಥಿಗಳು ಕಂಡುಕೊಳ್ಳಬಹುದು. ಆ ವರ್ಷ ನೌಕೆಗಳು ಅರ್ಧಕ್ಕಿಂತ ಕಡಿಮೆ ಹೊರೆಯೊಡನೆ ತೆವಳಿದುವು. ದಂಡೆಯ ದೊಡ್ಡ ಕಾರ್ಖಾನೆಗಳು ಕೆಲಸವನ್ನು ಕುಗ್ಗಿಸಬೇಕಾಯಿತು.

ನೀರಿನ ಲೆಕ್ಕ

ಈಗ ಕೃಷ್ಣೆಯ ಕಡೆಗೆ ತಿರುಗೋಣ. ಆಕೆಗೆ ಹಿಮದ ಬೊಕ್ಕಸವಿಲ್ಲ. ಇರುವುದು ಮುಂಗಾರಿನ ಬೊಕ್ಕಸವೊಂದೇ. ವರ್ಷದಲ್ಲಿ ಆಕೆಯ ಪಾತ್ರದಲ್ಲಿ ಹರಿಯುವ ನೀರಿನಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಮಳೆಗಾಲದ ಕೆಲವೇ ತಿಂಗಳುಗಳಲ್ಲಿ ಹರಿದುಹೋಗುತ್ತದೆ. ಭೀಮೆಯ ಗತಿಯೂ ಇದೇ. ಅಣೆಕಟ್ಟುಗಳಿಲ್ಲದಿದ್ದ ಕಾಲದಲ್ಲಿ ಚೈತ್ರ ವೈಶಾಖಗಳಲ್ಲಿ ಮರಳಿನ ನಡುವೆ ಹರಿಯುವ ಕೆಲವು ಸೀಳುಗಳಷ್ಟೇ ಉಳಿಯುತ್ತಿದ್ದುವು.

ಕೆಲವು ಸಂಖ್ಯೆಗಳನ್ನು ನೋಡೋಣ. ಜರ್ಮನಿಯ ಗಡಿಯನ್ನು ದಾಟುವಲ್ಲಿ ರೈನ್ ನದಿಯ ಸರಾಸರಿ ಹರಿವು ಸೆಕೆಂಡಿಗೆ ಸುಮಾರು 2,200 ಘನ ಮೀಟರ್. ಒಂದು ಘನ ಮೀಟರಿಗೆ 35.3 ಘನ ಅಡಿಯಂತೆ ಇದು ಸುಮಾರು 78,000 ಕ್ಯೂಸೆಕ್ಸ್. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಆಲಮಟ್ಟಿಯಿಂದ ಕೆಳಕ್ಕೆ ಬಿಟ್ಟ ನೀರು 5 ಲಕ್ಷ ಕ್ಯೂಸೆಕ್ಸಿಗೂ ಮಿಕ್ಕಿತು. ಅಂದರೆ ರೈನ್ ನದಿಯ ಸರಾಸರಿಯ ಆರು ಪಟ್ಟಿಗೂ ಹೆಚ್ಚು. ಅಂತಹ ಪ್ರವಾಹದಲ್ಲಿ ನೌಕೆಯು ನಿಲ್ಲಲಾರದು; ಬೇಸಗೆಯ ಸೀಳಿನಲ್ಲಿ ನೌಕೆಯು ತೇಲಲಾರದು. ವರ್ಷದ ಒಂದು ಭಾಗದಲ್ಲಿ ಅತಿಯಾಗಿ, ಇನ್ನೊಂದು ಭಾಗದಲ್ಲಿ ಇಲ್ಲವಾಗಿ ಹರಿಯುವ ನದಿಯ ಸರಾಸರಿ ಎಷ್ಟೇ ದೊಡ್ಡದಾಗಿದ್ದರೂ ಅಂಬಿಗನಿಗೆ ಅದರಿಂದ ಪ್ರಯೋಜನವಿಲ್ಲ.

ಮಳೆಗಾಲದ ನೀರನ್ನು ಕೂಡಿಟ್ಟು ಬೇಸಗೆಯಲ್ಲಿ ಹರಿಯಬಿಟ್ಟರಾಗದೆ? ಆಲಮಟ್ಟಿಯ ಜಲಾಶಯವು 519.6 ಮೀಟರ್ ಮಟ್ಟದವರೆಗೆ ತುಂಬಿದಾಗ ಸುಮಾರು 123 ಟಿ.ಎಂ.ಸಿ. ನೀರನ್ನು ಹಿಡಿಯುತ್ತದೆ, ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಈ ನೀರನ್ನೆಲ್ಲ ರೈನ್ ನದಿಯ ಸರಾಸರಿ ಗತಿಯಲ್ಲಿ ಹರಿಯಬಿಟ್ಟರೆ ಅದು ಹದಿನೆಂಟು ದಿನಗಳಲ್ಲಿ ಮುಗಿದುಹೋಗುತ್ತದೆ. ಜನವರಿಯಿಂದ ಮೇ ತಿಂಗಳ ಕೊನೆಯವರೆಗಿನ ಐದು ತಿಂಗಳು ಕೃಷ್ಣೆಯನ್ನು ರೈನ್ ನದಿಯಂತೆ ಹರಿಯಿಸಬೇಕಾದರೆ ಸುಮಾರು ಸಾವಿರ ಟಿ.ಎಂ.ಸಿ. ನೀರು, ಎಂದರೆ ಆಲಮಟ್ಟಿಯಂತಹ ಎಂಟು ಜಲಾಶಯಗಳು ಬೇಕು. ಅಷ್ಟು ನೀರನ್ನು ಹೊಲಗಳಿಗೆ ಕೊಡದೆ ಸಮುದ್ರಕ್ಕೆ ಬಿಡಬೇಕು. ಈ ಲೆಕ್ಕವನ್ನು ಓದುಗರು ತಾವೇ ಮಾಡಿ ನೋಡಬೇಕೆಂದು ನಮ್ಮ ಬಿನ್ನಹ.

ಜಲದುರ್ಗದ ಇಳಿತ

ಎರಡನೆಯ ಗುಣವಾದ ಇಳುಕಲನ್ನು ಕುರಿತು ವಿಚಾರಿಸೋಣ. ಬಾಸೆಲ್ ನಗರದಲ್ಲಿ ರೈನ್ ನದಿಯು ಸಮುದ್ರಮಟ್ಟದಿಂದ ಸುಮಾರು 250 ಮೀಟರ್ ಎತ್ತರದಲ್ಲಿದೆ. ಮುದ್ದೇಬಿಹಾಳದ ಪೂರ್ವಕ್ಕಿರುವ ನಾರಾಯಣಪುರದ ಜಲಾಶಯದ ತುಂಬುಮಟ್ಟ ಸುಮಾರು 492 ಮೀಟರ್; ಬಾಸೆಲ್‌ನ ಎತ್ತರಕ್ಕೆ ಬಹುತೇಕ ಇಮ್ಮಡಿ. ಈ ಎತ್ತರವನ್ನು ಕೃಷ್ಣೆಯು ಸಮನಾಗಿ ಇಳಿಯುವುದಿಲ್ಲ. ಒಮ್ಮೆ ಸಮತಟ್ಟಾಗಿ ನಡೆದು ಒಮ್ಮೆಲೇ ಧುಮುಕುತ್ತಾಳೆ.

ಇದಕ್ಕೆ ಕಾರಣ ಕೆಳಗಿರುವ ಶಿಲೆ. ಇಂಡಿ, ಸಿಂದಗಿ, ಬಾಗೇವಾಡಿಗಳ ಎರೆನೆಲದ ಕೆಳಗಿರುವುದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾರಸದ ಕರಿಗಲ್ಲು. ತಾಳಿಕೋಟಿಯ ಸುತ್ತಮುತ್ತ ಅದರ ಅಡಿಯಿಂದ ಸುಣ್ಣಕಲ್ಲಿನ ಪದರಗಳು ತಲೆದೋರುತ್ತವೆ. ಭೂವಿಜ್ಞಾನಿಗಳು ಈ ಶಿಲಾಸಮೂಹಕ್ಕೆ ಭೀಮೆಯ ಹೆಸರನ್ನೇ ಇಟ್ಟಿದ್ದಾರೆ. ಇನ್ನೂ ಪೂರ್ವಕ್ಕೆ ಹೋದರೆ ಅತಿ ಪ್ರಾಚೀನವಾದ ಕಣಶಿಲೆ. ನಾರಾಯಣಪುರವನ್ನು ದಾಟಿದೊಡನೆ, ಲಿಂಗಸುಗೂರು ತಾಲೂಕಿನ ಜಲದುರ್ಗದ ಬಳಿ, ಈ ಗಟ್ಟಿ ಬಂಡೆಗಳ ನಡುವೆ ಕವಲು ಕವಲಾಗಿ ಸೀಳಿಕೊಂಡು ಕೃಷ್ಣೆಯು ಪ್ರಸ್ಥಭೂಮಿಯ ಅಂಚಿನಿಂದ ರಾಯಚೂರಿನ ಬಯಲಿಗೆ ಇಳಿಯುತ್ತಾಳೆ. ಮೂರು ಮೈಲಿಗಳ ಅಂತರದಲ್ಲಿ ಆಕೆಯ ಇಳಿತ ಸುಮಾರು 400 ಅಡಿ, ಎಂದರೆ ಕಿಲೋಮೀಟರಿಗೆ ಸುಮಾರು 25 ಮೀಟರ್. ಬಾಸೆಲ್‌ನಿಂದ ಸಮುದ್ರದವರೆಗೆ ರೈನ್ ನದಿಯ ಸರಾಸರಿ ಇಳುಕಲು ಕಿಲೋಮೀಟರಿಗೆ ಮೂವತ್ತು ಸೆಂಟಿಮೀಟರಿನಷ್ಟು. ಸಮುದ್ರದಿಂದ ಮೇಲೇರಿ ಬರುವ ಹಡಗಿಗೆ ಕೃಷ್ಣೆಯು ಇಲ್ಲಿ ಗೋಡೆಯನ್ನೇ ಅಡ್ಡವಾಗಿ ನಿಲ್ಲಿಸಿದ್ದಾಳೆ. ಇದಕ್ಕೂ ಕೆಳಗೆ ನಲ್ಲಮಲ ಬೆಟ್ಟಗಳ ಕಮರಿ ಬೇರೆ ಇದೆ. ಸಮುದ್ರದ ನೌಕೆಗೂ ಮುದ್ದೇಬಿಹಾಳಕ್ಕೂ ಎಂದೆಂದೂ ಸಂಪರ್ಕವಿಲ್ಲದೆ ಹೋದುದಕ್ಕೆ ಇದು ಮುಖ್ಯ ಕಾರಣ.

ಹರಿಗೋಲಿನ ಜಾಣ್ಮೆ

ಹಾಗೆಂದು ನಮ್ಮ ಜನರು ಕೈಕಟ್ಟಿ ಕುಳಿತಿದ್ದರೆಂದು ತಿಳಿಯಬಾರದು. ನದಿಯ ಉದ್ದಕ್ಕೆ ಸಾಗುವುದು ಅಸಾಧ್ಯವಾದಾಗ ಅವರು ನದಿಯ ಅಡ್ಡಕ್ಕೆ ಸಾಗುವ ವಿದ್ಯೆಯನ್ನು ಪರಿಪೂರ್ಣಗೊಳಿಸಿದರು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಅಂಬಿಗರ ಚೌಡಯ್ಯನಿರುವುದು ಆ ವೃತ್ತಿಯ ಪ್ರಾಚೀನತೆಗೆ ಸಾಕ್ಷಿ. ಬಾಗೇವಾಡಿಯು ಕೃಷ್ಣೆಯ ಉತ್ತರಕ್ಕಿದೆ. ಮಲಪ್ರಭೆಯು ಕೃಷ್ಣೆಯನ್ನು ಕೂಡುವ ಕೂಡಲಸಂಗಮವು ದಕ್ಷಿಣದ ದಡದಲ್ಲಿದೆ. ಹೀಗಿರಲು, ತರುಣ ಬಸವಣ್ಣನವರು ಸಂಗಮಕ್ಕೆ ಹೋಗುವಾಗ ಯಾವನೋ ಒಬ್ಬ ಅಂಬಿಗನ ನೆರವಿನಿಂದಲೋ ಕಾಲುನಡಿಗೆಯಿಂದಲೋ ಈ ನದಿಯನ್ನು ದಾಟಿರಲೇಬೇಕು.

ಹರಿಗೋಲು ಬಿದಿರಿನ ದಬ್ಬೆಗಳಿಂದ ಹೆಣೆದ ದುಂಡನೆಯ ಬುಟ್ಟಿ. ಹಿಂದೆ ಅದಕ್ಕೆ ಚರ್ಮವನ್ನು ಹೊದಿಸುತ್ತಿದ್ದರು. ಬಳಿಕ ಡಾಂಬರು ಬಳಿದ ಬಟ್ಟೆಯೂ ಪ್ಲಾಸ್ಟಿಕ್ ಹಾಳೆಯೂ ಬಂದುವು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನು ತುಂಗಭದ್ರೆಯ ಮೇಲೆ ಇಂತಹವನ್ನು ಕಂಡು, ಒಂದೊಂದು ಹದಿನೈದು ಇಪ್ಪತ್ತು ಜನರನ್ನು ಹೊರುವುದೆಂದೂ ಅಗತ್ಯ ಬಿದ್ದರೆ ಕುದುರೆ ಎತ್ತುಗಳೂ ದಾಟುವುವೆಂದೂ ಬರೆದಿದ್ದಾನೆ.

ಈ ಬುಟ್ಟಿಯ ಹಿಂದಿರುವ ವಿಜ್ಞಾನವನ್ನು ನೋಡೋಣ. ಎರಡೂವರೆ ಮೀಟರ್ ವ್ಯಾಸದ ಹರಿಗೋಲಿನ ತಳದ ವಿಸ್ತೀರ್ಣ ಸುಮಾರು 4.9 ಚದರ ಮೀಟರ್. ತಳವು ಚಪ್ಪಟೆಯಾಗಿದೆಯೆಂದು ಭಾವಿಸಿದರೆ, ಅದು ಹತ್ತು ಸೆಂಟಿಮೀಟರ್ ಮುಳುಗುವಾಗ ಪಕ್ಕಕ್ಕೆ ತಳ್ಳುವ ನೀರು 490 ಲೀಟರು; ಆರ್ಕಿಮಿಡೀಸನ ನಿಯಮದಂತೆ ಅದು ಹೊರುವ ತೂಕ 490 ಕಿಲೋಗ್ರಾಂ. ಬುಟ್ಟಿಯ ತೂಕ ಐವತ್ತು ಕಿಲೋ ಎಂದಿಟ್ಟುಕೊಂಡರೆ, ತಲಾ 55 ಕಿಲೋ ತೂಗುವ ಎಂಟು ಜನರು ಕುಳಿತಾಗ ಹರಿಗೋಲು ಗೇಣಿಗಿಂತಲೂ ಕಡಿಮೆ ಮುಳುಗುತ್ತದೆ! ಮೊಣಕಾಲುದ್ದ ನೀರಿದ್ದರೂ ಅದು ತೇಲಬಲ್ಲುದು. ಬಂಡೆಗೆ ತಗುಲಿದರೆ ಹಲಗೆಯ ದೋಣಿಯಂತೆ ಒಡೆಯದೆ ಬಿದಿರು ಬಾಗಿ ಮತ್ತೆ ನಿಮಿರುತ್ತದೆ. ಕೆಲಸ ಮುಗಿದ ಮೇಲೆ ಅಂಬಿಗನು ಚಿಕ್ಕ ಹರಿಗೋಲನ್ನು ತಲೆಯ ಮೇಲೆ ಕವುಚಿಕೊಂಡು ಮನೆಗೆ ನಡೆಯಬಲ್ಲನು. ಬಂಡೆಗಳೂ ತೆಳುವಾದ ನೀರೂ ಇರುವ ನದಿಗೆ ಇದಕ್ಕಿಂತ ಯೋಗ್ಯವಾದ ನೌಕೆಯನ್ನು ಕಲ್ಪಿಸುವುದು ಕಷ್ಟ.

ನೆರೆಯಲ್ಲಿ ದಾಟುವ ಉಪಾಯವೂ ಅಷ್ಟೇ ಬುದ್ಧಿವಂತಿಕೆಯದು. ನದಿಯ ಅಗಲ 300 ಮೀಟರ್, ಹರಿಗೋಲಿನ ಅಡ್ಡವೇಗ ಸೆಕೆಂಡಿಗೆ ಅರ್ಧ ಮೀಟರ್, ಪ್ರವಾಹದ ವೇಗ ಒಂದೂವರೆ ಮೀಟರ್ ಎಂದಿರಲಿ. ಆಚೆಯ ದಡ ಮುಟ್ಟಲು 600 ಸೆಕೆಂಡು ಬೇಕು. ಅಷ್ಟರಲ್ಲಿ ಪ್ರವಾಹವು ಹರಿಗೋಲನ್ನು 900 ಮೀಟರ್ ಕೆಳಕ್ಕೆ ಒಯ್ದಿರುತ್ತದೆ. ಅಂಬಿಗನ ವೇಗಕ್ಕಿಂತ ನದಿಯ ವೇಗ ಹೆಚ್ಚಾಗಿರುವುದರಿಂದ ಎದುರು ದಿಕ್ಕಿಗೆ ಹುಟ್ಟು ಹಾಕಿ ಇದನ್ನು ಸರಿದೂಗಿಸುವುದು ಅಸಾಧ್ಯ. ಆದುದರಿಂದ ಅವನು ಖಾಲಿ ಹರಿಗೋಲನ್ನು ದಂಡೆಗುಂಟ ಸುಮಾರು ಒಂದು ಕಿಲೋಮೀಟರ್ ಮೇಲಕ್ಕೆ ಒಯ್ದು ಅಲ್ಲಿಂದ ನೀರಿಗೆ ಬಿಡುತ್ತಾನೆ. ನಾವು ಕಾಲೇಜಿನಲ್ಲಿ ‘ವೇಗಗಳ ಸಂಯೋಜನೆ’ಯೆಂದು ಓದುವುದನ್ನು ಅವನು ಕಾಗದವಿಲ್ಲದೆ ಲೆಕ್ಕಹಾಕಿರುತ್ತಾನೆ.

ಒಂದು ಹಾಯ್ಗಡದ ಬೆಲೆ

ಬೇಸಗೆಯಲ್ಲಿ ಕಾಲಿನಿಂದಲೇ ದಾಟಬಹುದಾದ ಆಳವಿಲ್ಲದ ಸ್ಥಳಕ್ಕೆ ಹಾಯ್ಗಡವೆಂದು ಹೆಸರು. ಇಂತಹ ಒಂದು ಹಾಯ್ಗಡದ ಮೇಲೆ ಸಾಮ್ರಾಜ್ಯವೊಂದರ ಅಳಿವು ಉಳಿವು ನಿಂತಿದ್ದುದುಂಟು. 1564ರ ಕೊನೆಯಲ್ಲಿ ದಖನ್ನಿನ ಸುಲ್ತಾನರ ಸೇನೆಗಳು ಡೋಣಿಯ ದಂಡೆಯ ತಾಳಿಕೋಟಿಯಲ್ಲಿ ಕೂಡಿದುವು. ಕೃಷ್ಣೆಯ ದಕ್ಷಿಣ ದಡದಲ್ಲಿ ವಿಜಯನಗರದ ರಾಮರಾಯನ ಸೇನೆಯು ಹಾಯ್ಗಡವನ್ನು ಭದ್ರಪಡಿಸಿ ಕಾದಿತ್ತು. ಇತಿಹಾಸಕಾರ ಫಿರಿಶ್ತಾ ಹೇಳುವಂತೆ, ಸುಲ್ತಾನರು ಬೇರೆ ಹಾಯ್ಗಡವನ್ನು ಹುಡುಕುವವರಂತೆ ನಟಿಸುತ್ತ ದಂಡೆಗುಂಟ ನಡೆದರು. ಎದುರು ದಡದ ಸೇನೆಯೂ ಕಾವಲನ್ನು ಬಿಟ್ಟು ಅವರೊಡನೆ ಸರಿಯಿತು. ಮೂರನೆಯ ರಾತ್ರಿ ಸುಲ್ತಾನರು ಸರಕ್ಕನೆ ಹಿಂತಿರುಗಿ, ಕಾವಲಿಲ್ಲದ ಹಾಯ್ಗಡವನ್ನು ದಾಟಿಬಿಟ್ಟರು. 1565ರ ಜನವರಿ 23ರಂದು ನಡೆದ ಆ ಯುದ್ಧವನ್ನು ಕನ್ನಡಿಗರು ಕೃಷ್ಣೆಯ ಎರಡು ದಡಗಳ ಊರುಗಳಾದ ರಕ್ಕಸಗಿ, ತಂಗಡಗಿಗಳ ಹೆಸರಿನಿಂದ ಕರೆಯುವುದು ಉಚಿತವೇ ಆಗಿದೆ. ಜನವರಿಯ ಬದಲು ಆಗಸ್ಟ್ ತಿಂಗಳಾಗಿದ್ದರೆ, ನದಿಯು ತಾನೇ ಕಾವಲುಗಾರಳಾಗಿರುತ್ತಿದ್ದಳು.

ಅಣೆಕಟ್ಟಿನ ಕಾಲ

1880ರ ದಶಕದಲ್ಲಿ ಹೋಟಗಿ-ಗದಗ ರೈಲುಮಾರ್ಗವು ಭೀಮೆಯನ್ನೂ ಕೃಷ್ಣೆಯನ್ನೂ ಸೇತುವೆಗಳ ಮೇಲೆ ದಾಟಿದಾಗ ಅಂಬಿಗರ ಕಾಲ ಇಳಿಯತೊಡಗಿತು. ಕೃಷ್ಣೆಯ ರೂಪವನ್ನೇ ಬದಲಿಸಿದುದು ಅಣೆಕಟ್ಟು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ಕೆಳಗಿನ ನಾರಾಯಣಪುರದ ಕಟ್ಟೆಯು 1982ರಲ್ಲಿ ಮುಗಿಯಿತು. 26 ಬಾಗಿಲುಗಳ ಆಲಮಟ್ಟಿಯ ಅಣೆಕಟ್ಟನ್ನು 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ರಾಷ್ಟ್ರಕ್ಕೆ ಸಮರ್ಪಿಸಿದರು.

ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರ ಮುಳುಗಿತು. ಹಳೆಯ ಬಾಗಲಕೋಟೆಯ ತಗ್ಗಿನ ಭಾಗವೂ ಮುಳುಗಿತು. ನಾರಾಯಣಪುರದ ಹಿನ್ನೀರು ಕೂಡಲಸಂಗಮವನ್ನು ಮುಟ್ಟಿದುದರಿಂದ, ಬಸವಣ್ಣನವರ ಐಕ್ಯಮಂಟಪದ ಸುತ್ತಲೂ ಬಾವಿಯಂತಹ ಗೋಡೆಯನ್ನು ಕಟ್ಟಿ ಅದನ್ನು ಉಳಿಸಿಕೊಳ್ಳಬೇಕಾಯಿತು. ದಂಡೆಯ ಊರುಗಳ ಸಂಬಂಧಗಳೂ ಮಾರ್ಪಟ್ಟುವು. ಹಿಂದೆ ಈ ದಡದಿಂದ ಕೂಗಿದರೆ ಆ ದಡದ ಅಂಬಿಗನಿಗೆ ಕೇಳಿಸುತ್ತಿತ್ತು. ಹಿನ್ನೀರು ನಿಂತ ಮೇಲೆ ಎದುರಿನ ಊರಿನ ದೀಪಗಳಷ್ಟೇ ಕಾಣಿಸತೊಡಗಿದುವು. ಹೆಣ್ಣು ಕೊಟ್ಟು ತಂದ ಊರು, ಸಂತೆಯ ಊರು, ಹೊಲವಿದ್ದ ಊರು, ಎಲ್ಲವೂ ನೀರಿನಾಚೆ ಸರಿದುವು. ಕೊಲ್ಹಾರದ ಬಳಿ ವಿಜಯಪುರದಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿಯನ್ನು ದಾಟಿಸಲು ಸುಮಾರು ಮೂರು ಕಿಲೋಮೀಟರ್ ಉದ್ದದ ಸೇತುವೆಯನ್ನೇ ಕಟ್ಟಬೇಕಾಯಿತು. ಆ ಸೇತುವೆಯ ಮೇಲೆ ನಿಂತು ಎರಡೂ ಕಡೆ ನೋಡಿದಾಗ, ಹಡಗು ತೇಲಬಲ್ಲ ನೀರು ಕೊನೆಗೂ ನಮ್ಮ ಸೀಮೆಗೆ ಬಂದಿತಲ್ಲವೆ ಎಂದು ನಮಗೆ ಅನ್ನಿಸದಿರಲಿಲ್ಲ.

ಹಿನ್ನೀರು ಹರಿಗೋಲಿಗೆ ಮಾತ್ರ ಹಿತವಾದುದಲ್ಲವೆಂಬ ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಕಿರಿದಾದ ನದಿಯಲ್ಲಿ ಗಾಳಿಗೆ ಅಲೆಯೆಬ್ಬಿಸಲು ಹರವಿಲ್ಲ. ಕಿಲೋಮೀಟರುಗಟ್ಟಲೆ ಬಯಲಾದ ನೀರಿನ ಮೇಲೆ ಸಂಜೆಯ ಬಿರುಗಾಳಿಯು ದೊಡ್ಡ ಅಲೆಗಳನ್ನೇ ಎಬ್ಬಿಸುತ್ತದೆ. ಹತ್ತು ಸೆಂಟಿಮೀಟರ್ ಮುಳುಗಿ ತೇಲುವ ಬುಟ್ಟಿಯ ಗುಣವೇ ಆಗ ದೋಷವಾಗುತ್ತದೆ: ಎಲ್ಲರೂ ಒಂದೇ ಮಗ್ಗುಲಿಗೆ ಸರಿದರೆ ಸಾಕು, ಅಂಚು ನೀರನ್ನು ಮೊಗೆಯುತ್ತದೆ. ಹಿನ್ನೀರನ್ನಾಗಲಿ ನೆರೆಬಂದ ಭೀಮೆಯನ್ನಾಗಲಿ ತೆಪ್ಪ ಹರಿಗೋಲುಗಳಲ್ಲಿ ದಾಟುವ ವಿದ್ಯಾರ್ಥಿಗಳು ತೇಲುವ ಅಂಗಿಯನ್ನು ತೊಡದೆ ಹತ್ತಬಾರದು. ಅಳತೆ ಮೀರಿ ಜನ ತುಂಬಿದ ಹರಿಗೋಲನ್ನು ಏರಲು ನಿರಾಕರಿಸುವುದು ಹೇಡಿತನವಲ್ಲ.

ಜಲಮಾರ್ಗವೋ, ಜೋಳವೋ?

ನದಿಗಳನ್ನು ಜಲಮಾರ್ಗಗಳನ್ನಾಗಿ ಮಾಡುವ ಕನಸು ನಮ್ಮ ದೇಶದಲ್ಲಿ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ ಆರ್ಥರ್ ಕಾಟನ್ನರು ರೈಲಿಗಿಂತ ಕಾಲುವೆಯೇ ಮೇಲೆಂದು ವಾದಿಸಿದರು. ತುಂಗಭದ್ರೆಯ ನೀರಿನಿಂದ ಕರ್ನೂಲು-ಕಡಪ ಕಾಲುವೆಯನ್ನು ನೀರಾವರಿಗೂ ನೌಕಾಯಾನಕ್ಕೂ ಎಂದೇ ತೋಡಲಾಯಿತು. ಅದನ್ನು ತೋಡಿದ ಕಂಪನಿಗೆ ಲಾಭ ಬಾರದೆ 1882ರಲ್ಲಿ ಸರ್ಕಾರವು ಅದನ್ನು ಕೊಂಡುಕೊಂಡಿತು. ನಮ್ಮ ಕಾಲದಲ್ಲಿ, 2016ರ ರಾಷ್ಟ್ರೀಯ ಜಲಮಾರ್ಗಗಳ ಅಧಿನಿಯಮವು ದೇಶದಲ್ಲಿ ಒಟ್ಟು 111 ಜಲಮಾರ್ಗಗಳನ್ನು ಹೆಸರಿಸಿತು. ಅದರಲ್ಲಿ ಭೀಮೆಯ ಒಂದು ಭಾಗವಿದೆ, ಘಟಪ್ರಭೆ ಮಲಪ್ರಭೆಗಳಿವೆ, ನಾಲ್ಕನೆಯ ಜಲಮಾರ್ಗವನ್ನು ಕೃಷ್ಣೆಯ ಮೇಲೆ ಬಾಗಲಕೋಟೆ ಜಿಲ್ಲೆಯ ಗಲಗಲಿಯವರೆಗೆ ವಿಸ್ತರಿಸಲಾಯಿತು. ಅಂದಮೇಲೆ ಬಾಗೇವಾಡಿ, ಮುದ್ದೇಬಿಹಾಳಗಳ ದಕ್ಷಿಣದ ಕೃಷ್ಣೆಯು ಕಾನೂನಿನ ಪುಸ್ತಕದಲ್ಲಿ ಒಂದು ಜಲಮಾರ್ಗ.

ಪುಸ್ತಕದಿಂದ ನೀರಿಗಿಳಿದರೆ ತೊಡಕುಗಳು ಎದುರಾಗುತ್ತವೆ. ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ, ಇವುಗಳಲ್ಲಿ ಯಾವುದರಲ್ಲಿಯೂ ಹಡಗನ್ನು ಮೇಲೇರಿಸುವ ಲಾಕ್ ಇಲ್ಲ. ಭೀಮೆಯ ಮೇಲೆ ಇಂಡಿ, ಸಿಂದಗಿ ತಾಲೂಕುಗಳ ಅಂಚಿನಲ್ಲಿ ಸಾಲಾಗಿ ಕಟ್ಟಿರುವ ಬಾಂದಾರಗಳಲ್ಲಿಯೂ, ಅಫಜಲಪುರ ತಾಲೂಕಿನ ಸೊನ್ನದ ಬ್ಯಾರೇಜಿನಲ್ಲಿಯೂ ಸ್ಥಿತಿ ಅದೇ. ಇವನ್ನು ಕಟ್ಟಿದವರ ಮರೆವು ಇದಕ್ಕೆ ಕಾರಣವಲ್ಲ. ಅವರ ಕಣ್ಣು ಹೊಲದ ಮೇಲಿತ್ತು. ನಾರಾಯಣಪುರದ ಎಡದಂಡೆ ಕಾಲುವೆಯಿಂದ ಹೊರಟ ಇಂಡಿ ಶಾಖಾ ಕಾಲುವೆಯು ಕೃಷ್ಣೆಯ ನೀರನ್ನು ಸಿಂದಗಿ, ಇಂಡಿಗಳ ಬಯಲಿಗೆ, ಎಂದರೆ ಭೀಮೆಯ ಸೀಮೆಗೆ, ಒಯ್ಯುತ್ತದೆ. ಆಲಮಟ್ಟಿಯ ಹಿನ್ನೀರಿನಿಂದ ಮುಳವಾಡ ಏತ ನೀರಾವರಿಯು ಬಾಗೇವಾಡಿಯ ಎತ್ತರದ ನೆಲಕ್ಕೆ ನೀರನ್ನು ಎತ್ತುತ್ತದೆ. ಹೀಗೆ ಎತ್ತಿದಷ್ಟೂ ಬೇಸಗೆಯಲ್ಲಿ ಜಲಾಶಯದ ಮಟ್ಟ ಹತ್ತು ಮೀಟರಿಗೂ ಹೆಚ್ಚು ಇಳಿಯುವುದುಂಟು. ತುಂಬಿದಾಗ ದಡದಲ್ಲಿ ಕಟ್ಟಿದ ಬಂದರುಕಟ್ಟೆಯು ಆಗ ಕೆಸರಿನ ನಡುವೆ ಒಂಟಿಯಾಗಿ ನಿಲ್ಲುವುದು. ನೀರನ್ನು ಹಡಗಿಗಾಗಿ ಹಿಡಿದಿಟ್ಟರೆ ಹೊಲಕ್ಕಿಲ್ಲ. ಹೊಲಕ್ಕೆ ಕೊಟ್ಟರೆ ಹಡಗಿಗಿಲ್ಲ. ವರ್ಷಕ್ಕೆ ಆರು ನೂರು ಮಿಲಿಮೀಟರ್ ಮಳೆಯ, ಪದೇ ಪದೇ ಬರಗಾಲವನ್ನು ಕಂಡ ಸೀಮೆಯ ರೈತನು ಇವೆರಡರಲ್ಲಿ ಯಾವುದನ್ನು ಆರಿಸುವನೆಂದು ಕೇಳಬೇಕಾಗಿಲ್ಲ.

ಆದರೂ ನೌಕಾಯಾನವು ಈ ಸೀಮೆಗೆ ಸಂಬಂಧಿಸಿದ ವಿಷಯವೇ ಅಲ್ಲವೆಂದು ನಾವು ಹೇಳುವುದಿಲ್ಲ. ಸಮುದ್ರದವರೆಗಿನ ದಾರಿ ಇಲ್ಲದಿದ್ದರೂ, ಒಂದೊಂದು ಹಿನ್ನೀರಿನೊಳಗೆ ದಡದಿಂದ ದಡಕ್ಕೆ ಜನರನ್ನೂ ದನಕರುಗಳನ್ನೂ ಸುರಕ್ಷಿತವಾಗಿ ಒಯ್ಯುವ ಯಂತ್ರದೋಣಿಗಳಿಗೆ ಅವಕಾಶವುಂಟು. ನೆರೆಯಲ್ಲಿ ಅವು ಪ್ರಾಣರಕ್ಷಕಗಳು: 2020ರ ಅಕ್ಟೋಬರ್ ತಿಂಗಳಲ್ಲಿ ಭೀಮೆಯು ಉಕ್ಕಿ ಇಂಡಿ, ಸಿಂದಗಿಗಳ ದಂಡೆಯ ಹಳ್ಳಿಗಳನ್ನು ಸುತ್ತುವರಿದಾಗ ದೋಣಿಯ ಬೆಲೆ ಎಲ್ಲರಿಗೂ ತಿಳಿಯಿತು. ನೀರು ಏರಿಳಿದಂತೆ ತಾನೂ ಏರಿಳಿಯುವ ತೇಲುಗಟ್ಟೆ, ಗಾಳಿಯ ಮುನ್ಸೂಚನೆ, ಮುಳುಗಿದ ಮರ ಗೋಡೆಗಳನ್ನು ಗುರುತಿಸಿದ ನಕ್ಷೆ, ಈಜು ಬಲ್ಲ ತರುಣರು, ಇವಿಷ್ಟು ಇದ್ದರೆ ಬಹಳ ಪ್ರಾಣಗಳು ಉಳಿಯುವುವು. ಇದಕ್ಕೆ ರೈನ್ ನದಿಯಷ್ಟು ನೀರೂ ಬೇಕಿಲ್ಲ, ಹಣವೂ ಬೇಕಿಲ್ಲ.

ಮುದ್ದೇಬಿಹಾಳದ ಬಾಲಕನ ಸಂಶಯಕ್ಕೆ ಈಗ ಉತ್ತರ ದೊರೆಯಿತು. ಕೃಷ್ಣೆಯ ಮೇಲೆ ಹಡಗಿಲ್ಲದಿರುವುದಕ್ಕೆ ನಮ್ಮ ಹಿರಿಯರ ಅಜ್ಞಾನ ಕಾರಣವಲ್ಲ. ಒಂದೇ ಋತುವಿನ ಮಳೆ, ಜಲದುರ್ಗದ ಇಳಿತ, ಹೊಲದ ಬಾಯಾರಿಕೆ, ಈ ಮೂರು ಕಾರಣ. ಓದುಗರಲ್ಲಿ ನದಿಯ ದಂಡೆಯ ಊರಿನವರು ಯಾರಾದರೂ ಇದ್ದರೆ ಒಂದು ಕೆಲಸವನ್ನು ಮಾಡಿನೋಡಬೇಕೆಂದು ಕೋರುತ್ತೇವೆ. ಸೇತುವೆಯ ಕಂಬದ ಮೇಲೆ ಬರೆದಿರುವ ಮಟ್ಟದ ಗುರುತನ್ನು ವಾರಕ್ಕೊಮ್ಮೆ ದಡದಿಂದಲೇ ಓದಿ, ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಡಿ. ವರ್ಷದ ಕೊನೆಯಲ್ಲಿ ಅದನ್ನು ನಕ್ಷೆಯಾಗಿ ಎಳೆದರೆ, ನಾವು ಇಲ್ಲಿ ಹಲವು ಪುಟಗಳಲ್ಲಿ ಹೇಳಿದುದನ್ನು ನಿಮ್ಮ ಊರಿನ ನದಿಯು ಒಂದೇ ಗೆರೆಯಲ್ಲಿ ಹೇಳುವುದು.